ಹನ್ನೊಂದನೆಯ ದಿನದ ಎಣ್ಣೆ ಕಲೆ

ಹೊಸಪೇಟೆ
2141ನೇ ಇಸವಿ, ಎರಡನೇ ಬೇಸಿಗೆಯ ಹನ್ನೊಂದನೆಯ ದಿನ, ಸೋಮವಾರ

ಅಜ್ಜಮ್ಮ,

ನನಗೆ ಮದುವೆಯಾಯಿತು, ಇವತ್ತಿಗೆ ಆರು ದಿನ, ಹುಡುಗನ ಹೆಸರು ಪಂಪಾಪತಿ, ನಗುವಾಗ ಅವನಿಗೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ಮತ್ತು ಇದನ್ನು ದಿನಕ್ಕೆ ಒಬ್ಬರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಇವತ್ತಿನ ಪಾಳಿ ನಿನ್ನದು. ನಾನು ಚಿತ್ಕಲಾ. ನಿನ್ನ ಮೊಮ್ಮಗಳ ಮೊಮ್ಮಗಳು. ಅಂದರೆ ನನ್ನ ಅಜ್ಜಿಗೆ ನೀನು ಅಜ್ಜಿ. ಆದರೆ ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಿನಗೆ ಇಪ್ಪತ್ತೊಂದು ವರ್ಷ, ನನಗೆ ಇಪ್ಪತ್ನಾಲ್ಕು. ಆದ್ದರಿಂದ ನಿನ್ನನ್ನು ಏಕವಚನದಲ್ಲಿ ಕರೆದರೆ ಬೇಸರ ಮಾಡಿಕೊಳ್ಳಬೇಡ. ಮುಂದೆ ಬೇಸರ ಮಾಡಿಕೊಳ್ಳಲು ಬೇರೆ ಕಾರಣಗಳು ಸಿಗುತ್ತವೆ.

ನನ್ನ ಕನ್ನಡ ನಿನಗೆ ವಿಚಿತ್ರವಾಗಿ ಕೇಳಿಸಿದರೆ ಅದಕ್ಕೂ ಕ್ಷಮೆ ಇರಲಿ. ನನ್ನ ಶಾಲೆ ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷ್ ಮಾಧ್ಯಮ. ಕನ್ನಡ ಬರೆಯುವುದನ್ನು ನಾನು ಕಲಿತದ್ದು ಮನೆಯಲ್ಲಿ, ನಿನ್ನ ನೋಟ್‌ಬುಕ್ಕಿನ ಅಕ್ಷರಗಳ ಮೇಲೆ ಬೆರಳಾಡಿಸಿ. ನಿನ್ನ 'ಳ'ದ ಬಾಲ ಹೇಗೆ ಕೆಳಗಿನ ಸಾಲಿಗೆ ಇಳಿಯುತ್ತದೆಯೋ ನನ್ನದೂ ಹಾಗೇ ಇಳಿಯುತ್ತದೆ. ನಮ್ಮ ಕಾಲದ ಕೆಲವು ಪದಗಳು ನಿಮ್ಮಲ್ಲಿ ಇರಲಾರವು. ಬಂದಾಗ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಹಿಂದಂಚೆ. ನಮ್ಮಲ್ಲಿ ಹೊಸದಾಗಿ ಮದುವೆಯಾದ ದಂಪತಿಗೆ ಸರ್ಕಾರ ಒಂದು ಕಾಗದವನ್ನು ಉಡುಗೊರೆಯಾಗಿ ಕೊಡುತ್ತದೆ, ಹಿಂದಿನ ಕಾಲಕ್ಕೆ ಹೋಗುವ ಕಾಗದ. ಇಬ್ಬರಿಗೂ ಸೇರಿ ಒಂದೇ, ಜೀವಮಾನಕ್ಕೆ ಒಂದೇ, ರಕ್ತಸಂಬಂಧದ ಹಿರಿಯರಿಗೆ ಮಾತ್ರ. ಎಲ್ಲರೂ ತೀರಿಹೋದ ತಾತನಿಗೋ ಅಜ್ಜಿಗೋ ಲಗ್ನಪತ್ರಿಕೆ ಕಳಿಸುತ್ತಾರೆ. ಉತ್ತರ ಬರುವ ದಾರಿ ಇಲ್ಲ. ಅಂಚೆಯ ಗುಮಾಸ್ತರು ಒಂದೊಂದು ಸಾಲನ್ನೂ ಓದಿ, ಬೇಡವಾದದ್ದಕ್ಕೆ ಮಸಿ ಬಳಿದು, ಮುದ್ರೆ ಒತ್ತುತ್ತಾರೆ. ಇನ್ನೊಂದು ನಿಯಮ ಇದೆ, ಅದನ್ನು ನೆನಪಿನಲ್ಲಿಡು: ಆಗಿಹೋದದ್ದು ಬದಲಾಗುವುದಿಲ್ಲ. ಮಧ್ಯದ ಕಾಲದಲ್ಲಿ ಯಾರೂ ಬಿಚ್ಚಿ ನೋಡದೇ ಇರುವುದು ಮಾತ್ರ ಬದಲಾಗಬಹುದು. ಪಂಪಾಪತಿ ನಮ್ಮ ಒಂದೇ ಕಾಗದವನ್ನು ನನಗೆ ಬಿಟ್ಟುಕೊಟ್ಟ. "ನಮ್ಮ ತಾತ ಹೆಂಗೂ ಮದುವಿ ಅಂದ್ರ ಬೈಯಾಂವ, ನೀನೇ ಬರಕೋ" ಅಂದ. ಇಂಥವನನ್ನು ಹೇಗೆ ಹೊಗಳದೆ ಇರಲಿ, ನೀನೇ ಹೇಳು.

ಅವನು ನನಗೆ ಸಿಕ್ಕಿದ್ದೇ ನಿನ್ನಿಂದ. ನಮ್ಮ ಕಾಲದಲ್ಲಿ ಬಿಸಿಲು ನಿಮ್ಮ ಹಾಗಲ್ಲ, ವರ್ಷಕ್ಕೆ ಎರಡು ಬೇಸಿಗೆ. ರೈಲು ಹಳಿಗಳ ಉದ್ದಕ್ಕೂ ಮೇಲೆ ಚಪ್ಪರ ಕಟ್ಟಿ ಬಳ್ಳಿ ಹಬ್ಬಿಸಿದ್ದಾರೆ, ಅದರ ಕೆಳಗೆ ಓಡುವ ರೈಲಿಗೆ ನೆರಳುಗಾಡಿ ಎನ್ನುತ್ತೇವೆ. ನಾನು ಆ ಚಪ್ಪರದ ಮೇಲೆ ಬಳ್ಳಿ ಕಟ್ಟುವವಳು. ಬೆಳಿಗ್ಗೆ ನಾಲ್ಕು ಗಂಟೆಗೆ ಏಣಿ ಹತ್ತಿ ಎಂಟಕ್ಕೆ ಇಳಿಯುತ್ತೇವೆ, ಆಮೇಲೆ ತಗಡು ಮುಟ್ಟಲು ಆಗುವುದಿಲ್ಲ. ಪಂಪಾಪತಿ ಹೊಸಪೇಟೆ ಕಡೆಯ ತಂಡದವನು. ಒಂದು ದಿನ ಬುತ್ತಿ ಬಿಚ್ಚುವಾಗ ನಾನು ಎಂದಿನಂತೆ ನಿನ್ನ ಜಂಬ ಕೊಚ್ಚುತ್ತಿದ್ದೆ: ನಮ್ಮ ಅಜ್ಜಮ್ಮ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವಳು, ಬಿ.ಎಸ್‌ಸಿ. ಕೊನೆಯ ಪರೀಕ್ಷೆಯಲ್ಲಿ ಕಾಲೇಜಿಗೇ ಮೊದಲು ಬಂದವಳು, ಹದಿನೆಂಟು ದಿನ ನಿದ್ದೆ ಬಿಟ್ಟವಳು. ಅವನು ರೊಟ್ಟಿ ಮುರಿಯುತ್ತಾ, "ನಮ್ಮ ತಾತನ ಅಜ್ಜಿನೂ ಅಲ್ಲೇ ಓದಿದ್ದು, ನಾಗವೇಣಿ ಅಂತ" ಅಂದ. ಹುಡುಕಿದರೆ ಅದೇ ಹಾಸ್ಟೆಲು, ಅದೇ ವರ್ಷ, ಅದೇ ಕೋಣೆ. ನಿನ್ನ ರೂಮ್‌ಮೇಟ್ ನಾಗವೇಣಿ.  ಇದು ನೀನೇ ಕೂಡಿಸಿದ ಸಂಬಂಧ ಎಂದುಕೊಂಡೆ.

ಈಗ ನಮ್ಮ ಮನೆಯಲ್ಲಿ ನೀನು ಏನಾಗಿದ್ದೀ ಎಂದು ಹೇಳುತ್ತೇನೆ. ನಿನ್ನ ನೋಟ್‌ಬುಕ್ಕು, ಮೊದಲ ಪುಟದಲ್ಲಿ 'ಫೈನಲ್ ಪರೀಕ್ಷೆ, ಮೇ 2026, ಓದಿನ ವೇಳಾಪಟ್ಟಿ' ಎಂದು ಬರೆದಿರುವುದು, ನಮ್ಮ ದೇವರ ಗೂಡಿನಲ್ಲಿದೆ. ದಿನಕ್ಕೆ ಹತ್ತೊಂಬತ್ತು ಗಂಟೆ ಓದು. ಮೂರು ಗಂಟೆ ನಿದ್ದೆ. ಒಂದೇ ಹೊತ್ತು ಊಟ. ನಿದ್ದೆ ತೂಗಿದರೆ ಕಾಲನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಡುವುದು. ಹೀಗೆ ಹದಿನೆಂಟು ದಿನ, ಮೂರು ಬಣ್ಣದ ಶಾಯಿಯಲ್ಲಿ. ಹನ್ನೊಂದನೆಯ ದಿನದ ಪುಟದಲ್ಲಿ ಒಂದು ಎಣ್ಣೆ ಕಲೆ ಇದೆ. ಕರೆಂಟು ಹೋದಾಗಲೂ ಅಜ್ಜಮ್ಮ ದೀಪ ಹಚ್ಚಿಕೊಂಡು ಓದಿದಳು, ಆಗ ಬಿದ್ದ ಎಣ್ಣೆ ಅದು ಎಂದು ನನ್ನ ಅಜ್ಜಿ ಹೇಳುವಾಗ ಅವಳ ಕಣ್ಣು ತುಂಬುತ್ತಿತ್ತು. ನೀನು ಹಾಕಿದ ಕಂದು ಕಾಗದದ ಬೈಂಡನ್ನು ಇಲ್ಲಿಯವರೆಗೆ ಯಾರೂ ಬಿಚ್ಚಿಲ್ಲ. ಪ್ರತಿ ಪರೀಕ್ಷೆಗೆ ಮುಂಚೆ ಅದರ ಅಂಚಿಗೆ ಕುಂಕುಮ ಹಚ್ಚುತ್ತಾರೆ. ನೂರು ವರ್ಷದ ಕುಂಕುಮ ಗಟ್ಟಿಯಾಗಿ ಅರಗಿನ ಹಾಗೆ ಕೂತಿದೆ.

ನಮ್ಮ ಮನೆಯ ಹೆಣ್ಣುಮಕ್ಕಳು ಇದನ್ನು ಅಜ್ಜಮ್ಮನ ವ್ರತ ಎಂದು ಕರೆಯುತ್ತಾರೆ. ಕೊನೆಯ ಪರೀಕ್ಷೆಗೆ ಮುಂಚೆ ಹದಿನೆಂಟು ದಿನ ಅಕ್ಷರಶಃ ಹಾಗೇ ಇರಬೇಕು. ನಮ್ಮಲ್ಲಿ ನೀರು ಅಳತೆಯ ಮೇಲೆ ಬರುತ್ತದೆ, ಒಬ್ಬರಿಗೆ ದಿನಕ್ಕೆ ಎರಡು ಕೊಡ. ಆದರೂ ಅಮ್ಮ ತನ್ನ ಸ್ನಾನ ಬಿಟ್ಟು ಆ ಬಕೆಟ್ಟಿಗೆ ನೀರು ಉಳಿಸುತ್ತಾಳೆ. ಅದರಲ್ಲಿ ನಾನು ಕಾಲಿಟ್ಟು ಕೂತಿದ್ದೇನೆ, ಅಜ್ಜಮ್ಮ. ಎರಡು ಸಲ, ತಲಾ ಹದಿನೆಂಟು ದಿನ.

ನಮ್ಮ ಕೊನೆಯ ಪರೀಕ್ಷೆಗೆ ಬರಿಗೈ ಪರೀಕ್ಷೆ ಎಂದು ಹೆಸರು. ನಮ್ಮಲ್ಲಿ ಕೇಳಿದ್ದಕ್ಕೆಲ್ಲ ಯಂತ್ರ ಉತ್ತರ ಹೇಳುತ್ತದೆ. ಅದಕ್ಕೇ ಈ ಪರೀಕ್ಷೆಯಲ್ಲಿ ಕಿವಿಯೊಳಗಿನ ಯಂತ್ರವನ್ನೂ ಕಳಚಿ ಬಾಗಿಲಲ್ಲಿಟ್ಟು, ಒಂದು ಪೆನ್ನು ಮಾತ್ರ ಹಿಡಿದು ಒಳಗೆ ಹೋಗಬೇಕು. ತಲೆಯಲ್ಲಿ ಉಳಿದದ್ದಷ್ಟೇ ನಮ್ಮದು. ಒಂಬತ್ತು ದಿನ, ದಿನಕ್ಕೊಂದು ಪತ್ರಿಕೆ. ಒಬ್ಬರಿಗೆ ಬದುಕಿನಲ್ಲಿ ಎರಡೇ ಅವಕಾಶ. ನಾನು ಮಣ್ಣಿನ ವೈದ್ಯೆ ಆಗಬೇಕೆಂದಿದ್ದೆ. ಸತ್ತ ಹೊಲದ ಮಣ್ಣು ಮೂಸಿ, ರುಚಿ ನೋಡಿ, ಅದಕ್ಕೆ ಮತ್ತೆ ಜೀವ ಬರಿಸುವವರು. ಮೊದಲನೆಯ ಸಲ ಮೂರನೆಯ ದಿನವೇ ಜ್ವರ ಬಂದು ಬಿದ್ದೆ. ಎರಡನೆಯ ಸಲ ಐದನೆಯ ದಿನ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನನಗೆ ನನ್ನ ನೋಂದಣಿ ಸಂಖ್ಯೆ ಕೂಡ ನೆನಪಾಗಲಿಲ್ಲ. ಮೇಲ್ವಿಚಾರಕರು ಬಂದು, "ಏನಮ್ಮ, ಹೆಸರಾದ್ರೂ ಬರಿ" ಅಂದರು. ನಾನು ನಿನ್ನ ಹೆಸರು ಬರೆದೆ. ಶಾಂಭವಿ ಎಂದು ಬರೆದೆ.

ಮನೆಯಲ್ಲಿ ಯಾರೂ ವ್ರತವನ್ನು ಅನುಮಾನಿಸಲಿಲ್ಲ. ವ್ರತದಲ್ಲಿ ಎಲ್ಲೋ ಲೋಪವಾಗಿದೆ ಅಂದರು. ಅಮ್ಮ ಹೇಗೋ ಪಾಸಾಗಿ ಆಮೇಲೆ ಮೂರು ತಿಂಗಳು ಹಾಸಿಗೆ ಹಿಡಿದವಳು, ಅವಳೇ, "ಆ ಬುಧವಾರ ನೀನು ನಾಲ್ಕು ಗಂಟೆ ಮಲಗ್ಬುಟ್ಟೆ ಚಿತ್ತಿ, ನಾನು ನೋಡಿದೀನಿ" ಅಂದಳು. ನಾನು ನಂಬಿದೆ. ನಿನ್ನ ಮುಂದೆ ನಿಂತು ಕೈಮುಗಿದು ತಪ್ಪಾಯಿತು ಅಂದೆ. ಆಮೇಲೆ ಏಣಿ ಹತ್ತಿದೆ.

ಇಲ್ಲಿಗೆ ನನ್ನ ಮದುವೆಯ ಮೂರನೆಯ ದಿನ ಬರುತ್ತದೆ. ಹೊಸಪೇಟೆಯ ಈ ಕಡೆ ದನಿ ಕೇಳಿಸುವ ಶಾಸ್ತ್ರ ಎಂದಿದೆ. ಹೊಸ ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ಮನೆಯ ಹಿರಿಯರ ಧ್ವನಿಗಳನ್ನು ಹಳೆಯದರಿಂದ ಹೊಸದರವರೆಗೆ ಕೇಳಿಸುತ್ತಾರೆ, ಸೊಸೆ ಪ್ರತಿಯೊಬ್ಬರಿಗೂ "ಬಂದೆ" ಎನ್ನಬೇಕು. ಎಲ್ಲಕ್ಕಿಂತ ಹಳೆಯದು ನಾಗವೇಣಿಯ ಫೋನು. ಹಾಸ್ಟೆಲಿನಿಂದ ಅವಳು ತನ್ನ ಅವ್ವನಿಗೆ ದಿನಾ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳು. ನಾನು ರೇಷ್ಮೆ ಸೀರೆ ಉಟ್ಟು, ಹಲ್ಲು ಬಿಟ್ಟುಕೊಂಡು, ಅಜ್ಜಮ್ಮನ ಗೆಳತಿ ಮಾತಾಡುತ್ತಾಳೆ ಎಂದು ಕುಣಿಯುತ್ತಾ ಕೂತಿದ್ದೆ.

"ಅವ್ವಾ, ಈ ಕೊಳ್ಳೇಗಾಲದಾಕಿ ಶಾಂಭವಿ ಮನುಷ್ಯಳೋ ದೆವ್ವೋ ಗೊತ್ತಾಗವಲ್ದು. ನಾಡಿದ್ದು ಪೇಪರ್ ಐತಿ, ನಾವೆಲ್ಲ ಪುಸ್ತಕ ತಿನ್ನಾಕಹತ್ತೀವಿ. ಈಕಿ ಹತ್ತು ಹೊಡೀತಂದ್ರ ಮಲಗಿಬಿಡ್ತಾಳ. ಗೊರಕಿ ಬ್ಯಾರೆ."

ಅದರ ಹಿಂದೆಯೇ ನೀನು. ಬಾಯಲ್ಲಿ ಏನನ್ನೋ ತುಂಬಿಕೊಂಡು, ನಗುತ್ತಾ. "ಸುಳ್ಳು ಹೇಳ್ತಾವ್ಳೆ ಆಂಟಿ, ನಾನು ಗೊರಕೆ ಹೊಡಿಯಲ್ಲ."

ನಾನು ನಿನ್ನ ಧ್ವನಿಯನ್ನು ಕೇಳಿದ್ದು ಅದೇ ಮೊದಲು. ನಗು ಥೇಟ್ ನನ್ನದು. ನನ್ನ ಅತ್ತೆ ಮುಂದಿನದನ್ನು ಹಾಕಿದರು, ಅದರ ಮುಂದಿನದನ್ನೂ ಹಾಕಿದರು. ನೀನು ಹತ್ತಕ್ಕೆ ಮಲಗಿ ಆರಕ್ಕೆ ಏಳುತ್ತಿದ್ದೆ. ತಿಂಡಿ ಒಂದು ದಿನವೂ ಬಿಟ್ಟಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚುತ್ತಿದ್ದೆ. ಓದಲು ಕೂರುವ ಮುಂಚೆ ಫೋನನ್ನು ಮೆಸ್ಸಿನ ಮಾದಮ್ಮನ ಖಾಲಿ ಗೋಧಿಹಿಟ್ಟಿನ ಡಬ್ಬಿಯಲ್ಲಿ ಹಾಕಿ ಬರುತ್ತಿದ್ದೆ. ಸಂಜೆ ನಾಗವೇಣಿಯನ್ನು ಎಳೆದುಕೊಂಡು ಮೈದಾನ ಸುತ್ತುತ್ತಾ, ಬೆಳಿಗ್ಗೆ ಓದಿದ್ದನ್ನು ಪುಸ್ತಕ ನೋಡದೆ ಅವಳಿಗೆ ಪಾಠ ಹೇಳುತ್ತಿದ್ದೆ. ಎಲ್ಲಿ ತಡವರಿಸುತ್ತೀಯೋ ಅದನ್ನಷ್ಟೇ ಬಂದು ಮತ್ತೆ ಓದುತ್ತಿದ್ದೆ. "ಕೆಮಿಸ್ಟ್ರಿ ನನಗ ಬ್ಯಾಡ ಅಂದ್ರೂ ಬಾಯಿಪಾಠ ಆಗೈತವ್ವ" ಎಂದು ಅವಳು ಗೋಳಾಡುತ್ತಾಳೆ. ಪರೀಕ್ಷೆಯ ಬೆಳಿಗ್ಗೆ ನೀನು ಪುಸ್ತಕವನ್ನೇ ಮುಟ್ಟದೆ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿಸಿಕೊಂಡೆಯಂತೆ. ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಎಲ್ಲರೂ ಏನೂ ಓದಿಲ್ಲ ಏನೂ ಓದಿಲ್ಲ ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಿದ್ದರೆ ನೀನು, "ನಾನು ಓದಿದೀನಿ, ನಿದ್ದೇನೂ ಮಾಡಿದೀನಿ" ಅಂದೆಯಂತೆ. ಯಾರೂ ನಂಬಲಿಲ್ಲವಂತೆ.

ಇಷ್ಟಾಗುವ ಹೊತ್ತಿಗೆ ನನ್ನ ಕೈಗೆ ಹಾಕಿದ್ದ ಗೋರಂಟಿಯ ಮೇಲೆ ಬೆವರು ಹರಿಯುತ್ತಿತ್ತು. ಆಮೇಲೆ ಬಂತು ಪರೀಕ್ಷೆಗೆ ಮುಂಚಿನ ಒಂದು ಶನಿವಾರದ ಸಂಜೆ.

"ಅವ್ವಾ, ನಗಬ್ಯಾಡ. ನಾಳೆ ಇವರಪ್ಪ ನೋಡಾಕ ಬರ್ತಾರಲ್ಲ, ಅದಕ್ಕ ಈಕಿ ಕುಂತು ಕಳ್ಳ ಟೈಮ್‌ಟೇಬಲ್ ಬರ್ಯಾಕಹತ್ಯಾಳ. ಮುಂದಿನ ದಿನಾನೂ ಈಗ ಬರದಾಳ. ಒಂದ ದಿನ ಬರದಿದ್ದು ಅಂತ ಗೊತ್ತಾಗಬಾರದು ಅಂತ ಮೂರು ಪೆನ್ನು."

ಮತ್ತೆ ನೀನು. "ಇರು, ಬಕೆಟ್ ಅಂತ ಬರೀತೀನಿ. ತಣ್ಣೀರಲ್ಲಿ ಕಾಲು ಇಟ್ಕೊಂಡು ಓದ್ತಾಳೆ ಅಂದ್ರೆ ನಮ್ಮಪ್ಪಂಗೆ ಭಾಳ ಖುಷಿ ಆಯ್ತದೆ."

"ಲೇ, ಸಮೋಸ ಬಿತ್ತು ನೋಡು ಪುಸ್ತಕದ ಮ್ಯಾಲೆ. ಹನ್ನೊಂದನೇ ದಿನ ಎಲ್ಲಾ ಎಣ್ಣಿ."

"ಇರ್ಲಿ ಬಿಡು. ಅಪ್ಪಂಗೆ ದೀಪದೆಣ್ಣೆ ಅಂತೀನಿ."

ಮಣೆಯ ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾಗವೇಣಿಗೆ "ಬಂದೆ" ಎನ್ನಬೇಕಿತ್ತು.  ಅತ್ತೆ ನನ್ನ ಮುಖ ನೋಡಿ ಫೋನು ಆರಿಸಿದರು. "ಯಾಕವ್ವ, ಕಾಲ್ಯಾಕ ಒಳಗ ಎಳಕೊಂಡಿ?" ಎಂದು ಕೇಳಿದರು. ನೋಡಿದರೆ ನಾನು ಎರಡೂ ಪಾದಗಳನ್ನು ಸೀರೆಯೊಳಗೆ ಮುದುರಿಕೊಂಡಿದ್ದೆ.

ನಿನ್ನ ಅಪ್ಪನಿಗೆ ಹೇಳಿದ ಸುಳ್ಳಿಗೆ ನನ್ನ ತಕರಾರಿಲ್ಲ. ಮಗಳು ನಿದ್ದೆ ಮಾಡಿದಳೆಂದು ಗೊತ್ತಾದರೆ ಓದು ಬಿಡಿಸಿ ಊರಿಗೆ ಕರೆದುಕೊಂಡು ಹೋಗುತ್ತಿದ್ದ ಮನುಷ್ಯ ಎಂದು ನಾಗವೇಣಿ ಇನ್ನೊಂದು ಕಡೆ ಹೇಳುತ್ತಾಳೆ. ಅವರಿಗೆ ಕಷ್ಟ ಕಾಣಬೇಕಿತ್ತು, ನೀನು ತೋರಿಸಿದೆ. ನಿನ್ನ ಜಾಗದಲ್ಲಿ ನಾನಿದ್ದರೂ ಬಕೆಟ್ಟನ್ನೇ ಬರೆಯುತ್ತಿದ್ದೆ. ಆದರೆ ಮುಂದೆ ನಿನಗೊಬ್ಬಳು ಮಗಳು ಹುಟ್ಟುತ್ತಾಳೆ. ಅವಳು ಓದುವ ವಯಸ್ಸಿಗೆ ಬಂದಾಗ ಪೆಟ್ಟಿಗೆಯಿಂದ ಈ ನೋಟ್‌ಬುಕ್ಕು ತೆಗೆದು ಅವಳ ಕೈಗಿಟ್ಟು, "ನಾನು ಹಿಂಗೆ ಓದಿದ್ದು" ಎನ್ನುವವಳು ನೀನೇ. ಆಗ ನಿನ್ನನ್ನು ಊರಿಗೆ ಎಳೆದೊಯ್ಯಲು ಯಾರೂ ಇರುವುದಿಲ್ಲ. ನಿಜವಾದ ವೇಳಾಪಟ್ಟಿಯನ್ನು ನೀನು ಮೆಸ್ಸಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಕಪಾಟಿನ ಬಾಗಿಲೊಳಗೆ ಅಂಟಿಸಿದ್ದೆಯಂತೆ. ಅದನ್ನು ಅಲ್ಲೇ ಬಿಟ್ಟು ಬಂದೆ, ಸುಳ್ಳನ್ನು ಮನೆಗೆ ತಂದೆ. ಯಾಕೆ? ನಿದ್ದೆ ಮಾಡಿ ಮೊದಲು ಬಂದವಳು ಎಂದರೆ ಮಗಳ ಕಣ್ಣಿನಲ್ಲಿ ಸಣ್ಣವಳಾಗುತ್ತೀ ಅಂತಲೇ? ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಈ ಸಾಲನ್ನು ಮೂರು ಸಲ ಹೊಡೆದು ಮೂರು ಸಲ ಬರೆದಿದ್ದೇನೆ. ನೀನು ಇನ್ನೂ ಮಾಡದ ತಪ್ಪಿಗೆ ನಿನ್ನ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ ಎಂದು ಪಂಪಾಪತಿ ಹೇಳುತ್ತಾನೆ. ಇರಬಹುದು. ಆದರೆ ನನಗೆ ಅದು ಆಗಿಹೋಗಿದೆ. ಕ್ಷಮಿಸಿದ್ದೇನೆ ಎಂದು ಬರೆದರೆ ಈ ಮನೆತನದಲ್ಲಿ ಇನ್ನೊಂದು ಸುಳ್ಳು ಸೇರುತ್ತದೆ.

ಇಷ್ಟೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ, ನಿನಗೆ ಲಗ್ನಪತ್ರಿಕೆಯನ್ನೂ ಕಳಿಸುತ್ತಿರಲಿಲ್ಲ. ನನಗೊಬ್ಬಳು ತಂಗಿ ಇದ್ದಾಳೆ, ನೇಸರ ಎಂದು. ಮಕ್ಕಳ ಡಾಕ್ಟರಾಗಬೇಕೆನ್ನುವವಳು. ಹೋದ ವರ್ಷ ಬರಿಗೈ ಪರೀಕ್ಷೆಯ ನಾಲ್ಕನೆಯ ದಿನ ಪೆನ್ನು ಹಿಡಿದುಕೊಂಡೇ ಮೇಜಿನ ಮೇಲೆ ನಿದ್ದೆ ಹೋದಳು. ಈ ಶನಿವಾರ ಅವಳ ಎರಡನೆಯ ಅವಕಾಶ ಶುರುವಾಗುತ್ತದೆ. ವ್ರತ ಹಿಡಿದು ಇವತ್ತಿಗೆ ಹದಿನಾಲ್ಕು ದಿನ. ಶಾಸ್ತ್ರ ಮುಗಿದ ಕೂಡಲೇ ನಾನು ಮನೆಗೆ ಫೋನು ಮಾಡಿದೆ, ನಾಗವೇಣಿಯ ಫೋನಿನಲ್ಲಿದ್ದ ಧ್ವನಿಗಳನ್ನು ಕೇಳಿಸಿದೆ. ಅಮ್ಮ, "ನಿಮ್ಮತ್ತೆ ಮನೆಯವ್ರು ಚೆನ್ನಾಗಿ ಮಾಡಿಸವ್ರೆ" ಅಂದಳು. ಅವಳ ತಪ್ಪಲ್ಲ. ನಮ್ಮ ಕಾಲದಲ್ಲಿ ಯಾರ ದನಿಯನ್ನು ಬೇಕಾದರೂ ಯಂತ್ರದಲ್ಲಿ ಹುಟ್ಟಿಸಬಹುದು, ಆದ್ದರಿಂದ ಯಾವ ದನಿಯನ್ನೂ ಯಾರೂ ನಂಬುವುದಿಲ್ಲ. ಕಾಗದದ ಮೇಲಿನ ಶಾಯಿಯನ್ನು ಮಾತ್ರ ನಂಬುತ್ತಾರೆ. ನೇಸರಳಿಗೆ ಸಮೋಸದ ವಿಷಯ ಹೇಳಿದೆ. "ಎಣ್ಣೆ ಅಂದ್ರೆ ಎಣ್ಣೆ ಅಕ್ಕ, ದೀಪದ್ದೂ ಎಣ್ಣೆನೇ" ಅಂದಳು. ಆಮೇಲೆ, "ನಿನ್ ಕೈಲಿ ಆಗ್ಲಿಲ್ಲ. ಅದ್ಕೇ ನನ್ನೂ ಮಲಗು ಅಂತಿದೀಯಾ?" ಎಂದಳು. ಅವಳ ಮಾತು ತೊದಲುತ್ತಿತ್ತು, ಅಜ್ಜಮ್ಮ. ಹಿಂದೆ ಬಕೆಟ್ಟಿನ ನೀರು ಅಲುಗುವ ಸದ್ದು ಕೇಳಿಸುತ್ತಿತ್ತು.

ಅವಳು ನನ್ನನ್ನು ನಂಬುವುದಿಲ್ಲ. ನಿನ್ನನ್ನು ನಂಬುತ್ತಾಳೆ.

ಆದ್ದರಿಂದ ಕೇಳು. ಈ ಕಾಗದ ನಿನಗೆ ಫಲಿತಾಂಶ ಬಂದ ವಾರ ತಲುಪುವಂತೆ ದಿನಾಂಕ ಹಾಕಿಸಿದ್ದೇನೆ. ನೋಟ್‌ಬುಕ್ಕು ನಿನ್ನ ಹತ್ತಿರವೇ ಇರುತ್ತದೆ. ಅದರ ಕಂದು ಕಾಗದದ ಬೈಂಡನ್ನು ಹುಷಾರಾಗಿ ಬಿಚ್ಚು. ಒಳಗಿನ ರಟ್ಟಿನ ಮೇಲೆ ಬರೆ. ಎಷ್ಟು ಗಂಟೆ ಮಲಗಿದೆ ಎಂದು ಬರೆ. ತಿಂಡಿ, ಮೈದಾನ, ಮಾದಮ್ಮನ ಡಬ್ಬಿ ಎಲ್ಲ ಬರೆ. ಕಲೆ ಸಮೋಸದ್ದು ಎಂದು ಬರೆ. ನೇಸರ ಎಂದು ಅವಳ ಹೆಸರು ಹಿಡಿದು ಬರೆ, 2026ರಲ್ಲಿ ಆ ಹೆಸರು ನಿನಗೆ ಬೇರೆ ಹೇಗೂ ತಿಳಿಯುವ ಹಾಗಿಲ್ಲ ಎಂಬುದು ಅವಳಿಗೆ ಅರ್ಥವಾಗುತ್ತದೆ. ಕೆಳಗೆ ಸಹಿ ಮಾಡು. ಆಮೇಲೆ ಅದೇ ಬೈಂಡನ್ನು ಅದೇ ಮಡಿಕೆಯಲ್ಲಿ ಮತ್ತೆ ಹಾಕಿಬಿಡು, ಯಾರಿಗೂ ಹೇಳಬೇಡ. ಹೇಳಲು ಮನಸ್ಸಾದರೂ ನಿನ್ನಿಂದ ಆಗಲಿಲ್ಲ ಎಂಬುದು ನನ್ನ ಪಾದಗಳಿಗೆ ಗೊತ್ತಿದೆ. ನನ್ನ ಎರಡು ಅವಕಾಶ ಹೋಗಿಯೇ ಹೋಗುತ್ತವೆ, ನಾನು ನಿನ್ನ ಮುಂದೆ ಕೈಮುಗಿದು ನಿಂತೇ ನಿಲ್ಲುತ್ತೇನೆ. ಅದನ್ನು ಕೇಳುತ್ತಿಲ್ಲ. ಬೈಂಡಿನ ಒಳಗನ್ನು ಯಾರೂ ನೋಡಿಲ್ಲ, ಅಷ್ಟು ಜಾಗ ಮಾತ್ರ ನಮಗೆ ಉಳಿದಿದೆ.

ನಾನು ಬಿಚ್ಚುವುದಿಲ್ಲ. ನನ್ನ ಅಕ್ಷರ ನಿನ್ನದರ ಹಾಗೇ ಇದೆ, ನಾನೇ ಬರೆದೆ ಅಂದಾರು. ಕುಂಕುಮದ ಅರಗನ್ನು ನೇಸರಳೇ ತನ್ನ ಕೈಯಿಂದ ಒಡೆಯಲಿ, ಅಮ್ಮ ನೋಡುತ್ತಿರಲಿ. ಪರೀಕ್ಷೆಗೆ ಇನ್ನೂ ಎರಡು ರಾತ್ರಿ ಇರುತ್ತವೆ. ಎರಡು ರಾತ್ರಿ ಪೂರ್ತಿ ಮಲಗಿ, ಹೊಟ್ಟೆ ತುಂಬ ತಿಂದರೆ ಹುಡುಗಿಗೆ ತನ್ನ ಹೆಸರಾದರೂ ನೆನಪಿರುತ್ತದೆ. ಓದಿದ್ದೆಲ್ಲ ಅವಳ ತಲೆಯಲ್ಲಿದೆ, ನಿದ್ದೆಯೊಂದೇ ಇಲ್ಲ. ರಟ್ಟು ಖಾಲಿ ಇದ್ದರೆ ಅವಳು ಮತ್ತೆ ಬಕೆಟ್ಟಿಗೆ ಕಾಲಿಡುತ್ತಾಳೆ.

ಪಂಪಾಪತಿ ಬುತ್ತಿಗೆ ಏನು ಕಟ್ಟಲಿ ಎಂದು ಕೇಳುತ್ತಿದ್ದಾನೆ. ಸಮೋಸ ಅಂದೆ. ಎಡಗೆನ್ನೆಯ ಗುಳಿ ಕಾಣಿಸಿತು. ನಿನಗೆ ಅವನನ್ನು ತೋರಿಸುವ ಆಸೆ ನನಗೆ ಈಗಲೂ ಇದೆ, ಅದನ್ನೂ ಬಚ್ಚಿಡುವುದಿಲ್ಲ.

ಇನ್ನೊಂದು ಮಾತು, ಗುಮಾಸ್ತರು ಮಸಿ ಬಳಿಯದಿದ್ದರೆ: ಅಮ್ಮ, ನೇಸರ ಈಗಲೂ ಇರುವ ನಿಮ್ಮ ಕೊಳ್ಳೇಗಾಲಕ್ಕೆ ಕೊನೆಗೂ ರೈಲು ಬಂದಿದೆ. ಹೊಸಪೇಟೆಯಿಂದ ವಾರಕ್ಕೊಂದೇ ಗಾಡಿ, ಬುಧವಾರ ಸಂಜೆ ಹೊರಡುತ್ತದೆ. ಹೊಸಪೇಟೆ–ಕೊಳ್ಳೇಗಾಲ ನೆರಳುಗಾಡಿ, ನಾನು ಇಳಿಯುವುದು ಗುರುವಾರ ಬೆಳಿಗ್ಗೆ ಏಳು ಹತ್ತಕ್ಕೆ. ಅಷ್ಟರೊಳಗೆ ಬರೆದಿರು.

ಚಿತ್ಕಲಾ